ಹಸುವಿನ ಬಿಳಿ ರಕ್ತಕಣಗಳು ರೋಗದ ತಾಣ ತಲುಪುವ ಬಗೆ

(ಕೂಟಗಲ್ಲಿನಲ್ಲಿ ಹಾಲು ಉತ್ಪಾದಕರ ಸಭೆಯಲ್ಲಿ ನೀಡಿದ ಉಪನ್ಯಾಸದ ಪಾಠ)



ಕೂಟಗಲ್ ಹೋಬಳಿಯ ಮನೆಗಳವರಿಗೆ ಎರಡು ಜೀವಿಗಳ ವಿಷಯದಲ್ಲಿ ಹೊರಗಿನವರು ಬಂದು ಹೊಸದಾಗಿ ಹೇಳಿಕೊಡಬೇಕಾದದ್ದು ಕಡಿಮೆ. ಒಂದು ರೇಷ್ಮೆ ಹುಳು, ಇನ್ನೊಂದು ಕರೆಯುವ ಹಸು. ಇಂದಿನ ಮಾತು ಹಸುವಿಗೆ ಸೇರಿದ್ದು. ಆದರೂ ಹುಳುವಿನಿಂದ ಪ್ರಾರಂಭಿಸಿದರೆ ವಿಷಯ ಬೇಗ ಮನಸ್ಸಿಗೆ ಹತ್ತುತ್ತದೆ.

ನಾಲ್ಕನೇ ಜ್ವರ ಎದ್ದ ಹುಳುವಿನ ಮೈಮೇಲೆ ಕಪ್ಪು ಚುಕ್ಕೆ ಕಂಡರೆ ಹುಳು ಸಾಕುವ ಮನೆಯ ಹೆಂಗಸರು ಕೂಡಲೇ ಊಜಿ ಹೊಡೆದಿದೆ ಎಂದು ಹೇಳುತ್ತಾರೆ. 1980ರಲ್ಲಿ ಕರ್ನಾಟಕದೊಳಕ್ಕೆ ಬಂದ ಈ ಊಜಿ ನೊಣ ರೇಷ್ಮೆ ಬೆಳೆಗಾರರಿಗೆ ಮಾಡಿರುವ ನಷ್ಟವನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಆದರೆ ಆ ಕಪ್ಪು ಚುಕ್ಕೆ ಏನು? ನೊಣದ ಮರಿ ಕೊರೆದ ತೂತು ಎಂಬ ಉತ್ತರ ಅರ್ಧ ಮಾತ್ರ ಸರಿ. ಮರಿಯು ಚರ್ಮ ಕೊರೆದು ಒಳಹೊಕ್ಕ ಕೂಡಲೇ ಹುಳುವಿನ ರಕ್ತದಲ್ಲಿರುವ ಕಣಗಳು ಅಲ್ಲಿಗೆ ನೆರೆದು, ಮರಿಯ ಮೈಗೂ ಒಂದಕ್ಕೊಂದಕ್ಕೂ ಅಂಟಿಕೊಂಡು, ಪದರದ ಮೇಲೆ ಪದರವಾಗಿ ಗೂಡು ಕಟ್ಟುತ್ತವೆ. ಆ ಗೂಡೇ ಗಟ್ಟಿಯಾಗಿ ಕಪ್ಪಾಗುತ್ತದೆ. ಸಣ್ಣಪುಟ್ಟ ಶತ್ರುವಾಗಿದ್ದರೆ ಅದರಲ್ಲಿ ಉಸಿರು ಕಟ್ಟಿ ಸಾಯುತ್ತಿತ್ತು. ಊಜಿಯ ಮರಿ ಮಾತ್ರ ಬಲು ಜಾಣ. ತನ್ನ ಹಿಂಭಾಗದ ಉಸಿರಾಟದ ರಂಧ್ರಗಳನ್ನು ತೂತಿನ ಕಡೆಗಿಟ್ಟು, ಹುಳು ಕಟ್ಟಿದ ಗೂಡನ್ನೇ ಹೊಗೆಗೂಡಿನಂತೆ ಬಳಸಿಕೊಂಡು ಗಾಳಿ ಎಳೆದುಕೊಳ್ಳುತ್ತದೆ. ಕಾವಲುಗಾರನ ಗುಡಿಸಲಲ್ಲಿ ಕಳ್ಳ ಮಲಗಿದ ಹಾಗಾಯಿತು.

ಇಲ್ಲಿ ಗಮನಿಸಬೇಕಾದ ಅಂಶ ಒಂದೇ. ಹುಳು ತನ್ನನ್ನು ಕಾಪಾಡಿಕೊಳ್ಳುವುದು ರಕ್ತಕಣಗಳು ಶತ್ರುವಿಗೆ ಅಂಟಿಕೊಳ್ಳುವುದರಿಂದ. ಹಸುವೂ ಹಾಗೆಯೇ. ಆದರೆ ಹುಳುವಿಗಿಲ್ಲದ ಒಂದು ಕಷ್ಟ ಹಸುವಿಗಿದೆ. ಹುಳುವಿನ ಮೈಯೊಳಗೆ ರಕ್ತ ಓಡಾಡಲು ನಮ್ಮಲ್ಲಿರುವಂಥ ನಾಳಗಳ ಜಾಲವಿಲ್ಲ. ಭತ್ತದ ಗದ್ದೆಯಲ್ಲಿ ನೀರು ನಿಂತಂತೆ ರಕ್ತವು ಒಳಗಿನ ಅಂಗಗಳನ್ನೆಲ್ಲ ತೋಯಿಸಿಕೊಂಡು ನಿಂತಿರುತ್ತದೆ. ಕಣಗಳು ನೇರವಾಗಿ ಬೇಕಾದಲ್ಲಿಗೆ ಹೋಗಬಹುದು. ಹಸುವಿನ ರಕ್ತವಾದರೋ ಪೈಪಿನಲ್ಲಿ ಹರಿಯುವ ನೀರಿನಂತೆ ಮುಚ್ಚಿದ ನಾಳಗಳಲ್ಲಿ ರಭಸದಿಂದ ಓಡುತ್ತದೆ. ಕಾಲಿಗೆ ಮುಳ್ಳು ಚುಚ್ಚಿ ರೋಗಾಣು ಸೇರಿದರೆ, ಇಲ್ಲವೆ ಮೊಲೆತೊಟ್ಟಿನ ತೂತಿನಿಂದ ಕೆಚ್ಚಲೊಳಕ್ಕೆ ರೋಗಾಣು ನುಗ್ಗಿದರೆ, ಅವು ಇರುವುದು ನಾಳದ ಹೊರಗೆ. ಹೋರಾಡಬೇಕಾದ ಬಿಳಿ ರಕ್ತಕಣಗಳು ಇರುವುದು ನಾಳದ ಒಳಗೆ. ನಡುವೆ ಗೋಡೆ. ಹೊಳೆಯಲ್ಲಿ ತೇಲಿ ಹೋಗುತ್ತಿರುವ ಪೈಲ್ವಾನನಿಂದ ದಡದ ಮೇಲಿನ ಜಗಳ ಬಿಡಿಸಲಾದೀತೇ? ಅವನು ಮೊದಲು ದಡ ಹತ್ತಬೇಕು.

ಬಿಳಿ ರಕ್ತಕಣ ಹೇಗೆ ದಡ ಹತ್ತುತ್ತದೆ ಎಂಬುದನ್ನು ಜರ್ಮನಿಯ ಯೂಲಿಯಸ್ ಕೋನ್‌ಹೈಮ್ ಎಂಬ ವೈದ್ಯವಿಜ್ಞಾನಿ 1867ರಲ್ಲಿ ವಿವರವಾಗಿ ಬರೆದಿಟ್ಟನು. ಜೀವಂತ ಕಪ್ಪೆಯ ತೆಳುವಾದ ಪೊರೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಗಂಟೆಗಟ್ಟಲೆ ಕಾದು ಕುಳಿತ ಅವನಿಗೆ, ಬಾವು ಬಂದ ಜಾಗದ ಸಣ್ಣ ನಾಳಗಳಲ್ಲಿ ಬಿಳಿ ಕಣಗಳು ಅಂಚಿಗೆ ಸರಿದು, ನಿಂತು, ಗೋಡೆಯ ಮೂಲಕ ತೂರಿ ಹೊರಬೀಳುವುದು ಕಾಣಿಸಿತು. ಕೀವು ಎಂದು ನಾವು ಅಸಹ್ಯಪಡುವ ವಸ್ತು ಬಹುಪಾಲು ಹೀಗೆ ಹೊರಬಂದು ಹೋರಾಡಿ ಸತ್ತ ಬಿಳಿ ಕಣಗಳೇ ಎಂಬುದು ಆಗ ಖಚಿತವಾಯಿತು. ಆದರೆ ಅವು ನಿಲ್ಲುವುದು ಯಾವುದನ್ನು ಹಿಡಿದುಕೊಂಡು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇನ್ನೂ ನೂರು ವರ್ಷಕ್ಕಿಂತ ಹೆಚ್ಚು ಕಾಲ ಕಳೆದ ಮೇಲೆ, 1980ರ ದಶಕದಲ್ಲಿ ಮತ್ತು 1990ರ ಆಸುಪಾಸಿನಲ್ಲಿ.

ಉತ್ತರಾಣಿ ಗಿಡದ ನಡುವೆ ಓಡಾಡಿದವರ ಪಂಚೆಯ ಅಂಚಿಗೆ ಅದರ ಕಾಯಿಗಳು ಹತ್ತಿಕೊಂಡು ಬರುತ್ತವೆ. ಅವು ಬಿಗಿಯಾಗಿ ಹಿಡಿದಿರುವುದಿಲ್ಲ. ಕೊಡವಿದರೆ ಕೆಲವು ಬೀಳುತ್ತವೆ, ಮತ್ತೆ ಬೇರೆ ಕಡೆ ಹತ್ತುತ್ತವೆ. ಬಿಳಿ ರಕ್ತಕಣದ ಮೈಮೇಲೂ ನಾಳದ ಒಳಗೋಡೆಯ ಮೇಲೂ ಇಂತಹ ಸಡಿಲ ಕೊಕ್ಕೆಗಳಿವೆ. ಇವಕ್ಕೆ ಸೆಲೆಕ್ಟಿನ್ ಎಂದು ಹೆಸರು. ಎಲ್ಲಿಯಾದರೂ ರೋಗಾಣು ಸೇರಿದರೆ ಸುತ್ತಲಿನ ಜೀವಕೋಶಗಳು ರಾಸಾಯನಿಕ ಸುದ್ದಿ ಕಳಿಸುತ್ತವೆ. ಆಗ ಆ ಭಾಗದ ನಾಳದ ಗೋಡೆ ತನ್ನ ಕೊಕ್ಕೆಗಳನ್ನು ಹೊರಚಾಚುತ್ತದೆ. ರಭಸವಾಗಿ ತೇಲಿ ಹೋಗುತ್ತಿದ್ದ ಬಿಳಿ ಕಣ ಅದಕ್ಕೆ ಸಿಕ್ಕಿಕೊಂಡು, ಬಿಡಿಸಿಕೊಂಡು, ಮತ್ತೆ ಸಿಕ್ಕಿಕೊಂಡು, ಗೋಡೆಯುದ್ದಕ್ಕೂ ಉರುಳುತ್ತಾ ನಿಧಾನವಾಗುತ್ತದೆ.

ಇಷ್ಟರಿಂದ ಕೆಲಸವಾಗದು. ಉರುಳುತ್ತಿರುವ ಕಣಕ್ಕೆ ಗೋಡೆಯ ಮೇಲೆ ಆ ಸುದ್ದಿ ತಾಗುತ್ತದೆ: ಇಳಿಯಬೇಕಾದ ಜಾಗ ಇದೇ ಎಂದು. ಕೂಡಲೇ ಕಣದ ಮೈಮೇಲಿನ ಎರಡನೆಯ ಜಾತಿಯ ಹಿಡಿಕೆಗಳು ಎಚ್ಚರಗೊಳ್ಳುತ್ತವೆ. ಇವಕ್ಕೆ ಇಂಟೆಗ್ರಿನ್ ಎನ್ನುತ್ತಾರೆ. ಇವು ಉತ್ತರಾಣಿಯಲ್ಲ, ಮರ ಹತ್ತುವವನ ಕೈ. ಗೋಡೆಯ ಮೇಲಿರುವ ಐಕ್ಯಾಮ್ ಎಂಬ ಗೂಟವನ್ನು ಇವು ಬಲವಾಗಿ ಹಿಡಿದುಕೊಂಡರೆ ಕಣ ಅಲುಗದೆ ನಿಲ್ಲುತ್ತದೆ. ನಂತರ ಚಪ್ಪಟೆಯಾಗಿ, ಗೋಡೆಯ ಎರಡು ಕೋಶಗಳ ಸಂದಿಯನ್ನು ಹುಡುಕಿ, ಮೈಯನ್ನು ಸಣ್ಣದು ಮಾಡಿಕೊಂಡು ಆಚೆಗೆ ನುಸುಳುತ್ತದೆ. ಅಲ್ಲಿಂದ ಮುಂದೆ ಸುದ್ದಿ ದಟ್ಟವಾಗಿರುವ ಕಡೆಗೆ ತೆವಳಿ ರೋಗಾಣುವನ್ನು ನುಂಗುತ್ತದೆ. ಸಡಿಲ ಹಿಡಿತ, ಸುದ್ದಿ, ಬಿಗಿ ಹಿಡಿತ, ನುಸುಳುವಿಕೆ, ಇದೇ ಕ್ರಮ. ಒಂದು ತಪ್ಪಿದರೂ ಕಣ ಮುಂದಕ್ಕೆ ತೇಲಿ ಹೋಗುತ್ತದೆ.

ಕೆಚ್ಚಲಿನಲ್ಲಿ ಈ ಕೆಲಸ ಗಡಿಯಾರ ನೋಡಿ ನಡೆಯಬೇಕಾದದ್ದು. ಸಗಣಿಯಲ್ಲಿರುವ ಇ. ಕೋಲಿ ಎಂಬ ರೋಗಾಣು ಅನುಕೂಲ ಸಿಕ್ಕರೆ ಸುಮಾರು ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಆ ಲೆಕ್ಕದಲ್ಲಿ ಒಂದು ರೋಗಾಣು ಆರು ಗಂಟೆಯಲ್ಲಿ ಎರಡೂವರೆ ಲಕ್ಷ ಮೀರುತ್ತದೆ. ಬಿಳಿ ಕಣಗಳು ಕೆಲವೇ ಗಂಟೆಗಳಲ್ಲಿ ಹಾಲಿನೊಳಕ್ಕೆ ಇಳಿದರೆ ಹಸುವಿಗೆ ಒಂದೆರಡು ದಿನ ಹಾಲು ಕೆಟ್ಟು, ಕೆಚ್ಚಲು ಬಿಸಿಯಾಗಿ, ಮತ್ತೆ ಸರಿಹೋಗುತ್ತದೆ. ತಡವಾದರೆ ಅದೇ ರೋಗಾಣು ಹಸುವನ್ನು ನೆಲಕ್ಕೆ ಮಲಗಿಸುತ್ತದೆ. ಬೇಕೆಂದೇ ಕೆಚ್ಚಲಿಗೆ ರೋಗಾಣು ಸೇರಿಸಿ ಮಾಡಿದ ಪ್ರಯೋಗಗಳಲ್ಲಿ ಕಂಡುಬಂದದ್ದೂ ಇದೇ: ಬೇನೆ ಹಗುರವೋ ಘೋರವೋ ಎಂಬುದು ರೋಗಾಣುವಿನ ಜಾತಿಗಿಂತ ಹೆಚ್ಚಾಗಿ ಬಿಳಿ ಕಣಗಳು ಬಂದು ಸೇರುವ ವೇಗವನ್ನು ಅವಲಂಬಿಸುತ್ತದೆ.

ಈಗ ಒಂದು ಮನೆಯ ಸಂಗತಿ ಹೀಗಿದೆ ಎಂದು ಇಟ್ಟುಕೊಳ್ಳೋಣ. ಕಪ್ಪು ಬಿಳಿ ಬಣ್ಣದ ಸೀಮೆ ಹಸು ಒಳ್ಳೆಯ ಹೆಣ್ಣು ಕರು ಹಾಕಿತು. ಗಿಣ್ಣು ಹಾಲನ್ನೂ ಕುಡಿಸಿದ್ದಾಯಿತು. ಎರಡನೆಯ ತಿಂಗಳಿಂದ ಕರುವಿಗೆ ಜ್ವರ, ಕೆಮ್ಮು, ಭೇದಿ. ಔಷಧಿ ಹಾಕಿದರೆ ನಾಲ್ಕು ದಿನ ಚೆನ್ನಾಗಿದ್ದು ಮತ್ತೆ ಮಲಗುತ್ತದೆ. ವಸಡು ಹುಣ್ಣಾಗಿ ಹಲ್ಲು ಅಲ್ಲಾಡುತ್ತವೆ. ಕಿವಿಗೆ ಓಲೆ ಹಾಕಿದ ಗಾಯ ಒಣಗುವುದೇ ಇಲ್ಲ, ಆದರೆ ಅದರಲ್ಲಿ ಕೀವೂ ಇಲ್ಲ. ಜೊತೆಯ ಕರುಗಳು ಬೆಳೆದರೂ ಇದು ಬೆಳೆಯದು. ಮನೆಯವರು ದೃಷ್ಟಿ ತೆಗೆಸುತ್ತಾರೆ, ತಾಯಿ ಹಾಲು ಸರಿಯಿಲ್ಲವೆನ್ನುತ್ತಾರೆ, ಜಂತು ಎನ್ನುತ್ತಾರೆ. ಆರೇಳು ತಿಂಗಳಲ್ಲಿ ಕರು ಸಾಯುತ್ತದೆ. ಯಾರಾದರೂ ಅದರ ರಕ್ತ ಪರೀಕ್ಷೆ ಮಾಡಿಸಿದ್ದರೆ ಆಶ್ಚರ್ಯ ಕಾದಿರುತ್ತಿತ್ತು. ಸಾಮಾನ್ಯ ದೊಡ್ಡ ಹಸುವಿನ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಬಿಳಿ ಕಣಗಳು 4,000ದಿಂದ 12,000 ಇದ್ದರೆ, ಈ ಕರುವಿನಲ್ಲಿ 40,000 ಮೀರಿ, ಕೆಲವೊಮ್ಮೆ ಲಕ್ಷವನ್ನೂ ದಾಟಿರುತ್ತವೆ. ಸೈನ್ಯ ಹತ್ತು ಪಾಲು ಇದೆ, ಆದರೂ ಊರು ಸೂರೆಹೋಯಿತು. ಏಕೆಂದರೆ ಒಬ್ಬ ಸೈನಿಕನಿಗೂ ದಡ ಹಿಡಿಯುವ ಕೈಯಿಲ್ಲ.

ಇಂತಹ ಕರುವನ್ನು ಅಮೆರಿಕದ ಪಶುವೈದ್ಯರು 1983ರಲ್ಲಿ ವರದಿ ಮಾಡಿದರು. ಅಯೋವಾ ರಾಜ್ಯದ ಏಮ್ಸ್ ಎಂಬಲ್ಲಿರುವ ರಾಷ್ಟ್ರೀಯ ಪ್ರಾಣಿರೋಗ ಕೇಂದ್ರದಲ್ಲಿ ಮಾರ್ಕಸ್ ಕೆರ್ಲಿ ಮತ್ತು ಅವರ ಸಂಗಡಿಗರು ಇದರ ಬೆನ್ನುಹತ್ತಿ, 1992ರಲ್ಲಿ ಕಾರಣವನ್ನು ಸ್ಪಷ್ಟವಾಗಿ ತೋರಿಸಿದರು. ಇಂಟೆಗ್ರಿನ್ ಹಿಡಿಕೆಯ ಸಿಡಿ-18 ಎಂಬ ಭಾಗದಲ್ಲಿ ದೋಷವಿತ್ತು. ಅದನ್ನು ತಯಾರಿಸುವ ಆನುವಂಶಿಕ ಬರಹದಲ್ಲಿ 383ನೆಯ ಅಕ್ಷರವೊಂದು ಬದಲಾಗಿ, ಪ್ರೋಟೀನಿನ 128ನೆಯ ಸ್ಥಾನದಲ್ಲಿ ಆಸ್ಪಾರ್ಟಿಕ್ ಆಮ್ಲದ ಬದಲಿಗೆ ಗ್ಲೈಸಿನ್ ಬಂದು ಕುಳಿತಿತ್ತು. ಪಹಣಿಯಲ್ಲಿ ಸರ್ವೆ ನಂಬರಿನ ಒಂದು ಅಂಕಿ ತಪ್ಪಿದರೆ ಏನಾಗುತ್ತದೆ ಎಂಬುದು ತಾಲ್ಲೂಕು ಕಚೇರಿಗೆ ಅಲೆದವರಿಗೆ ಗೊತ್ತು. ಜಮೀನು ಇದ್ದಲ್ಲಿಯೇ ಇದೆ, ಆದರೆ ಕೈಗೆ ಸಿಕ್ಕುವುದಿಲ್ಲ. ಇಲ್ಲಿಯೂ ಒಂದು ಅಕ್ಷರದ ತಪ್ಪಿಗೆ ಬಿಳಿ ಕಣದ ಬಿಗಿ ಹಿಡಿತವೇ ಇಲ್ಲದಾಯಿತು. ಈ ರೋಗಕ್ಕೆ ಬ್ಲ್ಯಾಡ್ ಎಂದು ಚಿಕ್ಕ ಹೆಸರಿದೆ. ದನಗಳ ಬಿಳಿ ರಕ್ತಕಣಗಳಲ್ಲಿ ಅಂಟುವ ಶಕ್ತಿಯ ಕೊರತೆ ಎಂದು ಅದರ ಅರ್ಥ.

ಇದು ಎಲ್ಲಿಂದ ಬಂತು ಎಂದು ವಂಶಾವಳಿ ಹುಡುಕಿದಾಗ ಎಲ್ಲ ದಾರಿಗಳೂ 1952ರಲ್ಲಿ ಹುಟ್ಟಿದ ಆಸ್ಬರ್ನ್‌ಡೇಲ್ ಐವನ್ಹೋ ಎಂಬ ಒಂದೇ ಹೋಲ್‌ಸ್ಟೀನ್ ಹೋರಿಯ ಬಳಿಗೆ ಹೋಗಿ ನಿಂತವು. ಒಳ್ಳೆಯ ಹಾಲಿನ ವಂಶ ಎಂಬ ಕಾರಣಕ್ಕೆ 1950 ಮತ್ತು 60ರ ದಶಕಗಳಲ್ಲಿ ಆ ಹೋರಿಯ ವೀರ್ಯವನ್ನು ಕೃತಕ ಗರ್ಭಧಾರಣೆಗೆ ಯಥೇಚ್ಛವಾಗಿ ಬಳಸಲಾಗಿತ್ತು. ಅದರ ಮೊಮ್ಮಗನಾದ ಕಾರ್ಲಿನ್-ಎಂ ಐವನ್ಹೋ ಬೆಲ್ ಕೂಡ ಹೆಸರಾಂತ ಹೋರಿ; ಅದೂ ದೋಷವನ್ನು ಹೊತ್ತಿತ್ತು. 1992ರ ವರದಿಯಲ್ಲಿ ಅಮೆರಿಕದ ಹೋಲ್‌ಸ್ಟೀನ್ ಹೋರಿಗಳ ಪೈಕಿ ನೂರಕ್ಕೆ ಸುಮಾರು 14, ಹಸುಗಳ ಪೈಕಿ ನೂರಕ್ಕೆ ಸುಮಾರು 6 ಈ ದೋಷವನ್ನು ಹೊತ್ತು ತಿರುಗುತ್ತಿದ್ದವು. ಹಾಲಿನ ಲೆಕ್ಕವೊಂದನ್ನೇ ನೋಡಿ ಹೋರಿ ಆರಿಸಿದವರಿಗೆ ಇದು ದೊಡ್ಡ ಪಾಠವಾಯಿತು ಎನ್ನದೆ ವಿಧಿಯಿಲ್ಲ.

ಹೊತ್ತು ತಿರುಗುವ ಎಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕು. ಕರುವಿಗೆ ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ಈ ಬರಹದ ಎರಡು ಪ್ರತಿಗಳು ಬರುತ್ತವೆ. ಒಂದು ಕೆಟ್ಟಿದ್ದು ಇನ್ನೊಂದು ಸರಿಯಿದ್ದರೆ ರಾಸು ಆರೋಗ್ಯವಾಗಿಯೇ ಇರುತ್ತದೆ, ನೋಡಿದರೆ ಏನೂ ತಿಳಿಯದು. ಅಂತಹ ಹೋರಿಯನ್ನು ಒಳ್ಳೆಯ ಹಸುವಿಗೆ ಕೊಡಿಸಿದರೆ ಯಾವ ಕರುವೂ ರೋಗಿಯಾಗುವುದಿಲ್ಲ. ಆದರೆ ಅರ್ಧದಷ್ಟು ಕರುಗಳು ದೋಷವನ್ನು ಗುಟ್ಟಾಗಿ ಮುಂದಕ್ಕೆ ಸಾಗಿಸುತ್ತವೆ. ತಂದೆ ತಾಯಿ ಎರಡೂ ದೋಷ ಹೊತ್ತಿದ್ದರೆ ಮಾತ್ರ ಸರಾಸರಿ ನಾಲ್ಕು ಕರುಗಳಲ್ಲಿ ಒಂದು ರೋಗಿಯಾಗಿ ಹುಟ್ಟುತ್ತದೆ. ಆದ್ದರಿಂದಲೇ ಒಂದೇ ಹೋರಿಯ ವೀರ್ಯವನ್ನು ಅದರ ಮಗಳಿಗೂ ಮೊಮ್ಮಗಳಿಗೂ ಕೊಡಿಸುವುದು ಅಪಾಯ.

ನಮ್ಮ ದೇಶಕ್ಕೆ ಹೋಲ್‌ಸ್ಟೀನ್ ರಕ್ತ ಹಲವು ದಾರಿಗಳಿಂದ ಬಂದಿದೆ. ಕರ್ನಾಟಕದ ಮಟ್ಟಿಗೆ ಹೆಸರಘಟ್ಟ ಇದರ ಮುಖ್ಯ ನೆಲೆ. ಡೆನ್ಮಾರ್ಕ್ ದೇಶದ ನೆರವಿನಿಂದ ಆರಂಭವಾದ ಕೇಂದ್ರೀಯ ಘನೀಕೃತ ವೀರ್ಯ ಉತ್ಪಾದನೆ ಮತ್ತು ತರಬೇತಿ ಸಂಸ್ಥೆ ಅಲ್ಲಿದೆ. ಕರ್ನಾಟಕ ಹಾಲು ಮಹಾಮಂಡಳದ ನಂದಿನಿ ವೀರ್ಯ ಕೇಂದ್ರವೂ ಅಲ್ಲಿಯೇ ಇದೆ. ಭಾರತದಲ್ಲಿ ಪರೀಕ್ಷೆ ಮಾಡಿದಾಗ ಹೋಲ್‌ಸ್ಟೀನ್ ಮತ್ತು ಅದರ ಮಿಶ್ರ ತಳಿಗಳ ಕೆಲವು ರಾಸುಗಳಲ್ಲಿ ಬ್ಲ್ಯಾಡ್ ದೋಷ ಕಂಡುಬಂದದ್ದು ನಿಜ, ಆದರೆ ಕಡಿಮೆ ಪ್ರಮಾಣದಲ್ಲಿ. ಅದು ಒಂದು ಹೋಲ್‌ಸ್ಟೀನ್ ಹೋರಿಯ ವಂಶದ ಸೊತ್ತಾದ್ದರಿಂದ ಹೊರಗಿನ ರಕ್ತ ಸೇರದ ಹಳ್ಳಿಕಾರ್ ರಾಸಿಗೆ ಈ ಭಯವಿಲ್ಲ. ವೀರ್ಯ ಕೇಂದ್ರಗಳಿಗೆ ಭಾರತ ಸರ್ಕಾರ ವಿಧಿಸಿರುವ ಕನಿಷ್ಠ ಗುಣಮಟ್ಟದ ನಿಯಮಗಳ ಪ್ರಕಾರ ಹೋಲ್‌ಸ್ಟೀನ್ ಮತ್ತು ಅದರ ಮಿಶ್ರ ತಳಿಯ ಹೋರಿಗಳ ರಕ್ತದಲ್ಲಿ ಈ ದೋಷವನ್ನು ಪರೀಕ್ಷಿಸಬೇಕು. ದೋಷ ಹೊತ್ತ ಹೋರಿಯನ್ನು ಬಳಸಬಾರದು. ಅಂದಮೇಲೆ ರೈತರ ಪಾಲಿನ ಕೆಲಸ ಸುಲಭವಾಯಿತು. ಮಾನ್ಯತೆ ಪಡೆದ ಕೇಂದ್ರದ ವೀರ್ಯವನ್ನೇ ಕೊಡಿಸುವುದು, ನಳಿಕೆಯ ಮೇಲೆ ಅಚ್ಚು ಹಾಕಿರುವ ಹೋರಿಯ ಸಂಖ್ಯೆಯನ್ನು ಡೈರಿ ಪಾಸ್‌ಬುಕ್ಕಿನ ಹಿಂದೆಯಾದರೂ ಸರಿ, ತಾರೀಖಿನೊಡನೆ ಬರೆದಿಡುವುದು. ಮೂರು ವರ್ಷದ ನಂತರ ಮಗಳು ಬೆದೆಗೆ ಬಂದಾಗ ಅದೇ ಸಂಖ್ಯೆ ಬೇಡವೆಂದು ಹೇಳಲು ಬೇರೆ ದಾಖಲೆ ಎಲ್ಲಿಂದ ಬರಬೇಕು? ಬೀದಿ ಹೋರಿಗೆ ಬಿಟ್ಟವರಿಗೆ ಈ ರಕ್ಷಣೆ ಯಾವುದೂ ಇಲ್ಲ.

ಸಾಯುವ ಕರುಗಳೆಲ್ಲ ಬ್ಲ್ಯಾಡ್ ರೋಗದವು ಎಂದು ಯಾರೂ ತಿಳಿಯಬಾರದು. ಬಹುಪಾಲು ಕರುಗಳ ಮರಣಕ್ಕೆ ಗಿಣ್ಣು ಹಾಲು ತಡವಾಗಿ ಕುಡಿಸಿದ್ದು, ಹೊಕ್ಕುಳಿಗೆ ಅಯೋಡಿನ್ ಹಾಕದ್ದು, ಜಂತು, ತೇವದ ನೆಲ ಇಂತಹ ಹಳೆಯ ಕಾರಣಗಳೇ ಸಾಕು. ಹಾಗಿದ್ದರೆ ಅಪರೂಪದ ರೋಗವೊಂದಕ್ಕೆ ಇಷ್ಟು ಹೊತ್ತು ಕೊಟ್ಟದ್ದೇಕೆ? ಆ ಕರು ಹುಟ್ಟಿನಿಂದ ಕಳೆದುಕೊಂಡ ಹಿಡಿತವನ್ನು, ನಿಮ್ಮ ಕೊಟ್ಟಿಗೆಯ ಪ್ರತಿಯೊಂದು ಆರೋಗ್ಯವಂತ ಹಸುವೂ ವರ್ಷಕ್ಕೊಮ್ಮೆ ಕೆಲವು ದಿನ ಅರ್ಧಂಬರ್ಧ ಕಳೆದುಕೊಳ್ಳುತ್ತದೆ. ಆ ದಿನಗಳೇ ಕರು ಹಾಕುವ ಆಸುಪಾಸಿನವು.

ಕರು ಹಾಕುವ ಹೊತ್ತಿಗೆ ಹಸುವಿನ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಚೋದಕ ಏರುತ್ತದೆ. ಹೆರಿಗೆ ನಡೆಯಲು ಅದು ಬೇಕು. ಆದರೆ ಅದೇ ಕಾರ್ಟಿಸಾಲ್ ಬಿಳಿ ಕಣಗಳ ಮೈಮೇಲಿನ ಸೆಲೆಕ್ಟಿನ್ ಕೊಕ್ಕೆಗಳನ್ನು ಉದುರಿಸುತ್ತದೆ. ಕೊಕ್ಕೆಯಿಲ್ಲದ ಉತ್ತರಾಣಿ ಪಂಚೆಗೆ ಹತ್ತೀತೇ? ರಕ್ತದಲ್ಲಿ ಕಣಗಳ ಸಂಖ್ಯೆ ಏರಿದಂತೆ ಕಾಣುತ್ತದೆ, ಕೆಚ್ಚಲಿಗೆ ಇಳಿಯುವವು ಕಡಿಮೆ. ಜೊತೆಗೆ ಅದೇ ವಾರದಲ್ಲಿ ಹಾಲು ಇಳಿಯಲು ಸುಣ್ಣದ ಅಂಶವೆಲ್ಲ ಕೆಚ್ಚಲಿನ ಕಡೆ ಹರಿಯುತ್ತದೆ, ಮೇವು ತಿನ್ನುವುದು ಕಡಿಮೆಯಾಗಿ ಮೈ ಕರಗುತ್ತದೆ. ಇವೂ ಬಿಳಿ ಕಣಗಳನ್ನು ಬಡವಾಗಿಸುತ್ತವೆ. ಕರು ಹಾಕಿದ ಮೊದಲ ವಾರಗಳಲ್ಲಿಯೇ ಘೋರವಾದ ಕೆಚ್ಚಲು ಬಾವು ಹೆಚ್ಚಾಗಿ ಬರುವುದಕ್ಕೆ ಕಾರಣ ಇಲ್ಲಿದೆ.

ಮಾಸು ಬೀಳದಿರುವುದೂ ಇದೇ ಕಥೆಯ ಇನ್ನೊಂದು ಅಧ್ಯಾಯ. ಮಾಸು ಗರ್ಭಕೋಶದ ಗೋಡೆಯಿಂದ ತಾನಾಗಿ ಕಳಚಿಕೊಳ್ಳುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅದನ್ನು ಬಿಡಿಸುವ ಕೆಲಸದಲ್ಲಿ ಬಿಳಿ ಕಣಗಳ ಪಾಲೂ ಇದೆ. ಮಾಸು ನಿಂತ ಹಸುಗಳ ಬಿಳಿ ಕಣಗಳು ಹೆರಿಗೆಗೆ ಮೊದಲೇ ಮಾಸಿನ ಕಡೆಗೆ ಚಲಿಸುವುದರಲ್ಲಿ ಹಿಂದೆಬಿದ್ದಿದ್ದವು ಎಂಬುದನ್ನು ಏಮ್ಸ್ ಕೇಂದ್ರದವರು 2002ರಲ್ಲಿ ತೋರಿಸಿದ್ದಾರೆ. ಮನುಷ್ಯರಲ್ಲಿಯೂ ಬ್ಲ್ಯಾಡ್ ತರಹದ ಕೊರತೆಯೊಡನೆ ಹುಟ್ಟುವ ಅಪರೂಪದ ಶಿಶುಗಳಿವೆ. ಅಂತಹ ಮಗುವಿನ ಹೊಕ್ಕುಳ ಬಳ್ಳಿ ಮೂರು ನಾಲ್ಕು ವಾರ ಕಳೆದರೂ ಉದುರದಿರುವುದು ವೈದ್ಯರು ಗುರುತಿಸುವ ಮೊದಲ ಲಕ್ಷಣಗಳಲ್ಲೊಂದು. ಬಳ್ಳಿಯಾಗಲಿ ಮಾಸಾಗಲಿ ಕಳಚಬೇಕಾದರೆ ಕಣಗಳು ರಕ್ತದಿಂದ ಇಳಿದು ಬರಲೇಬೇಕು. ಮಾಸಿಗೆ ಕಲ್ಲು ಕಟ್ಟಿ ಎಳೆಯುವವರು ಈ ಮಾತನ್ನು ಸ್ವಲ್ಪ ಯೋಚಿಸಬೇಕು. ಇಪ್ಪತ್ತನಾಲ್ಕು ಗಂಟೆಯಾದರೂ ಬೀಳದಿದ್ದರೆ ಪಶುವೈದ್ಯರನ್ನು ಕರೆಸುವುದು ಸೂಕ್ತ. ಅಂತಹ ಹಸುವಿಗೆ ಮುಂದಿನ ವಾರಗಳಲ್ಲಿ ಕೆಚ್ಚಲು ಬಾವಿನ ಸಂಭವವೂ ಹೆಚ್ಚೆಂದು ತಿಳಿದು ಕಣ್ಣಿಟ್ಟಿರಬೇಕು.

ಹಸು ತಾನಾಗಿ ತಂದುಕೊಳ್ಳುವ ಕಾರ್ಟಿಸಾಲ್ ಮಾತು ಇದಾಯಿತು. ನಾವೇ ಸೂಜಿಯಿಂದ ಹಾಕಿಸುವುದು ಇನ್ನೊಂದಿದೆ. ಡೆಕ್ಸಾಮೆಥಸೋನ್ ಎಂಬ ಔಷಧಿ ಇದೇ ಗುಂಪಿನ ಬಲು ಜೋರಾದ ಸ್ಟಿರಾಯ್ಡ್. ಹಸು ಮೇವು ಬಿಟ್ಟಿದೆ, ಜ್ವರವಿದೆ ಎಂದಾಗ ಇದನ್ನು ಹಾಕಿದರೆ ಕೆಲವು ಗಂಟೆಗಳಲ್ಲಿ ಎದ್ದು ಮೇವಿಗೆ ಬಾಯಿ ಹಾಕುತ್ತದೆ, ಬಾವು ಇಳಿಯುತ್ತದೆ. ಆದ್ದರಿಂದ ಆ ಜೋರು ಇಂಜೆಕ್ಷನ್ ಹಾಕಿ ಎಂದು ಕೇಳಿ ಹಾಕಿಸಿಕೊಳ್ಳುವವರಿದ್ದಾರೆ, ಔಷಧಿ ಅಂಗಡಿಯಿಂದ ತಂದು ತಾವೇ ಚುಚ್ಚುವವರೂ ಇದ್ದಾರೆ. ಬಾವು ಇಳಿದದ್ದು ರೋಗಾಣು ಸತ್ತದ್ದರಿಂದ ಅಲ್ಲ. ಹೋರಾಡುವವರು ದಡ ಹತ್ತುವುದನ್ನು ನಿಲ್ಲಿಸಿದ್ದರಿಂದಲೂ ಬಾವು ಇಳಿಯುತ್ತದೆ. 1995ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಕೆಚ್ಚಲಿನಲ್ಲಿ ಸ್ಟೆಫಿಲೋಕಾಕಸ್ ರೋಗಾಣು ಅಡಗಿದ್ದರೂ ಹೊರಗೆ ಆರೋಗ್ಯವಾಗಿಯೇ ಕಾಣುತ್ತಿದ್ದ ಹಸುಗಳಿಗೆ ಡೆಕ್ಸಾಮೆಥಸೋನ್ ಕೊಟ್ಟಾಗ ಬಿಳಿ ಕಣಗಳ ಸೆಲೆಕ್ಟಿನ್ ಇಳಿಯಿತು, ಇಂಟೆಗ್ರಿನ್ನೂ ಇಳಿಯಿತು, ಹಾಲಿನಲ್ಲಿ ರೋಗಾಣು ಏರಿತು, ಅಡಗಿದ್ದ ಬಾವು ಎದ್ದು ಕಾಣಿಸಿಕೊಂಡಿತು. ಔಷಧಿ ಕೆಟ್ಟದ್ದೆಂದು ಅರ್ಥವಲ್ಲ. ಕೀಟೋಸಿಸ್ ಮುಂತಾದ ಸಂದರ್ಭಗಳಲ್ಲಿ ಪಶುವೈದ್ಯರು ಲೆಕ್ಕ ಹಾಕಿ ಬಳಸುತ್ತಾರೆ. ಗಬ್ಬದ ಕೊನೆಯ ತಿಂಗಳುಗಳಲ್ಲಿ ಅದು ಕಂದು ಹಾಕಿಸುವುದೂ ಉಂಟು. ಹೀಗಾಗಿ ಯಾವ ಇಂಜೆಕ್ಷನ್ ಹಾಕಿದರು ಎಂದು ಕೇಳಿ ತಿಳಿದುಕೊಳ್ಳುವುದು, ತಾವಾಗಿ ಹಾಕದಿರುವುದು ಅತ್ಯವಶ್ಯ.

ಹಿಡಿತ ಕಡಿಮೆಯಾಗುವ ದಿನಗಳನ್ನು ಪೂರ್ತಿ ತಪ್ಪಿಸಲಾಗದು. ಆದರೆ ಆ ದಿನಗಳಿಗೆ ಹಸುವನ್ನು ಸಿದ್ಧಗೊಳಿಸಬಹುದು. ಬೇಸಾಯಗಾರನ ಕೈಯಲ್ಲಿ ಹೆಚ್ಚು ಇರುವುದು ಮೇವು. ಇ ಜೀವಸತ್ವ ಮತ್ತು ಸೆಲೆನಿಯಂ ಬಿಳಿ ಕಣಗಳ ಚುರುಕುತನಕ್ಕೆ ಬೇಕಾದವು. 1984ರಲ್ಲಿ ಅಮೆರಿಕದ ಓಹಾಯೋದಲ್ಲಿ ಹಾಲು ಬತ್ತಿಸಿದ ಅವಧಿಯಲ್ಲಿ ಹಸುಗಳಿಗೆ ಇ ಜೀವಸತ್ವ ಕೊಟ್ಟಾಗ ಮುಂದಿನ ಸೂಲಿನಲ್ಲಿ ಕೆಚ್ಚಲು ಬಾವು ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚಾಗಿ ತಗ್ಗಿತು. ಹಸಿ ಮೇವಿನಲ್ಲಿ ಈ ಜೀವಸತ್ವ ಹೇರಳ. ಕೊಯ್ದು ಬಿಸಿಲಿಗೆ ಒಣಗಿಸಿದಷ್ಟೂ, ಬಣವೆಯಲ್ಲಿ ಹಳೆಯದಾದಷ್ಟೂ ಅದು ಕಳೆದುಹೋಗುತ್ತದೆ. ರಾಗಿ ಹುಲ್ಲು ನಮ್ಮ ಹೊಟ್ಟೆ ತುಂಬಿಸುವ ಬಂಗಾರದಂತಹ ಮೇವು, ಅದನ್ನು ಹೀಗಳೆಯುವುದಿಲ್ಲ. ಆದರೆ ಗಬ್ಬದ ಕೊನೆಯ ಎರಡು ತಿಂಗಳು ಹಾಲು ಕೊಡದ ಹಸು ಎಂದು ಬರೀ ಬಣವೆ ಹುಲ್ಲಿಗೆ ಕಟ್ಟಿಹಾಕುವ ರೂಢಿ ಮಾತ್ರ ತಪ್ಪು. ಖರ್ಚು ಉಳಿಸಿದೆವು ಎಂದುಕೊಂಡ ಆ ಎರಡು ತಿಂಗಳೇ ಮುಂದಿನ ಸೂಲಿನ ಹಾಲನ್ನು ತಿನ್ನುತ್ತವೆ.

ಮಾಘ, ಫಾಲ್ಗುಣ ಕಳೆದ ಮೇಲೆ ಕರು ಹಾಕುವ ಹಸುಗಳಿದ್ದವರು ಹಸಿ ಮೇವಿನ ವ್ಯವಸ್ಥೆಯನ್ನು ಮಳೆಗಾಲದಲ್ಲಿಯೇ ಯೋಚಿಸಬೇಕು. ನೀರಿನ ಅನುಕೂಲವಿದ್ದವರು ನಾಲ್ಕೈದು ಗುಂಟೆಯಲ್ಲಿ ಹೈಬ್ರಿಡ್ ನೇಪಿಯರ್ ಹುಲ್ಲಿನ ಕಡ್ಡಿ ನೆಟ್ಟರೆ ಮೊದಲ ಕೊಯ್ಲು 70-75 ದಿನಕ್ಕೆ, ಆಮೇಲೆ 40-45 ದಿನಕ್ಕೊಮ್ಮೆ ಸಿಕ್ಕುತ್ತದೆ. ಅದರ ಸಾಲಿನ ನಡುವೆ ಕುದುರೆ ಮೆಂತ್ಯ ಅಥವಾ ಅಲಸಂದೆ ಹಾಕಿದರೆ ಮೇವಿನ ಗುಣವೂ ಹೆಚ್ಚುತ್ತದೆ. ಬೋರ್‌ವೆಲ್ ಬತ್ತಿದವರಿಗೆ ಬದುವಿನ ಮೇಲಿನ ಅಗಸೆ, ಗ್ಲಿರಿಸಿಡಿಯಾ ಮರಗಳೇ ಗತಿ. ಅವನ್ನು ಬೆಳೆಸಿಕೊಂಡವರು ಬೇಸಿಗೆಯಲ್ಲಿ ಕೈಚೆಲ್ಲಿ ಕುಳಿತುಕೊಳ್ಳುವುದಿಲ್ಲ. ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ಎಲೆಗಳನ್ನು ಹಸುವಿನ ಮುಂದೆ ಹಾಕುವ ಇಲ್ಲಿಯ ರೂಢಿ ಒಳ್ಳೆಯದೇ, ಆದರೆ ಹುಳುವಿನ ಹಿಕ್ಕೆ, ಸುಣ್ಣ, ಸೋಂಕು ನಿವಾರಕ ಪುಡಿ ಬೆರೆತದ್ದನ್ನು ಹಾಕಬಾರದು. ಇದರೊಂದಿಗೆ ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಖನಿಜ ಮಿಶ್ರಣ ಸೇರಿದರೆ ಸಾಕು.

ಇನ್ನುಳಿದದ್ದು ಕೊಟ್ಟಿಗೆಯ ಕೆಲಸ, ತಾಯಂದಿರು ಬಲ್ಲದ್ದೇ. ಕರು ಹಾಕುವುದಕ್ಕೆ ಎರಡು ತಿಂಗಳು ಮುಂಚೆ ಹಾಲು ಬತ್ತಿಸಿ, ಆಗಲೇ ಪಶುವೈದ್ಯರಿಂದ ತೊಟ್ಟುಗಳಿಗೆ ಔಷಧಿ ಹಾಕಿಸುವುದು. ಕರು ಹಾಕುವ ಜಾಗದಲ್ಲಿ ಸಗಣಿ ಗಂಜಲ ನಿಲ್ಲದಂತೆ ನೋಡಿಕೊಳ್ಳುವುದು. ಹಾಲು ಕರೆದ ಮೇಲೆ ತೊಟ್ಟಿನ ತೂತು ಅರ್ಧ ಗಂಟೆಯಾದರೂ ತೆರೆದಿರುತ್ತದೆ. ಆ ಹೊತ್ತಿನಲ್ಲಿ ಹಸು ಮಲಗಿದರೆ ಸಗಣಿಯ ರೋಗಾಣುವಿಗೆ ಬಾಗಿಲು ತೆರೆದಂತೆ. ಕರೆದ ಕೂಡಲೇ ಮುಂದೆ ಮೇವು ಹಾಕಿದರೆ ಅದು ನಿಂತೇ ತಿನ್ನುತ್ತದೆ. ಹಿಡಿತ ಕಳೆದುಕೊಂಡ ಕಣಗಳಿಗೆ ಕೆಲಸವೇ ಬೀಳದಂತೆ ಮಾಡುವ ಉಪಾಯಗಳಿವು.

ಬಿಳಿ ಕಣಗಳು ಕೆಚ್ಚಲಿಗೆ ಇಳಿದಿವೆಯೇ ಎಂದು ಮನೆಯಲ್ಲಿಯೇ ನೋಡುವ ಒಂದು ಪರೀಕ್ಷೆಯಿದೆ. ಆರೋಗ್ಯವಾದ ಕೆಚ್ಚಲಿನ ಒಂದು ಮಿಲಿಲೀಟರ್ ಹಾಲಿನಲ್ಲಿ ಕಣಗಳು ಎರಡು ಲಕ್ಷದೊಳಗೆ ಇರುತ್ತವೆ. ಒಳಗೊಳಗೆ ರೋಗವಿದ್ದರೆ ಹತ್ತಾರು ಲಕ್ಷಕ್ಕೆ ಏರುತ್ತವೆ, ಹಾಲು ಮಾತ್ರ ನೋಡಲು ಬೆಳ್ಳಗೇ ಇರುತ್ತದೆ. ಅರ್ಧ ಲೀಟರ್ ನೀರಿಗೆ 15 ಗ್ರಾಂ ಬಟ್ಟೆ ಒಗೆಯುವ ಪುಡಿ ಕರಗಿಸಿಟ್ಟುಕೊಳ್ಳಬೇಕು. ಮೊದಲ ಒಂದೆರಡು ಧಾರೆ ಬಿಟ್ಟು, ನಾಲ್ಕು ತೊಟ್ಟಿನ ಹಾಲನ್ನೂ ನಾಲ್ಕು ಬೇರೆ ಬೇರೆ ಲೋಟಗಳಿಗೆ ಸ್ವಲ್ಪ ಸ್ವಲ್ಪ ಕರೆದು, ಪ್ರತಿಯೊಂದಕ್ಕೂ ಹಾಲಿನಷ್ಟೇ ಸೋಪಿನ ನೀರು ಸೇರಿಸಿ ಅರ್ಧ ನಿಮಿಷ ಮೆಲ್ಲಗೆ ಅಲುಗಾಡಿಸಬೇಕು. ಸೋಪು ಕಣಗಳನ್ನು ಒಡೆದು ಅವುಗಳ ಒಳಗಿನ ನೂಲಿನಂತಹ ವಸ್ತು ಹೊರಬರುತ್ತದೆ. ಕಣ ಹೆಚ್ಚಿದ್ದಷ್ಟೂ ಹಾಲು ಗಂಜಿಯಂತೆ, ಲೋಳೆಯಂತೆ ಗಟ್ಟಿಯಾಗುತ್ತದೆ. ನೀರಾಗಿಯೇ ಉಳಿದ ಲೋಟದ ತೊಟ್ಟು ಕ್ಷೇಮ. ಕರು ಹಾಕಿದ ಮೊದಲ ಕೆಲವು ದಿನ ಗಿಣ್ಣು ಇರುವವರೆಗೆ ಎಲ್ಲ ಲೋಟಗಳೂ ಸ್ವಲ್ಪ ಗಟ್ಟಿಯಾಗಬಹುದು, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಆಮೇಲೆ ಹದಿನೈದು ದಿನಕ್ಕೊಮ್ಮೆ ಮಾಡಿ, ಗಟ್ಟಿಯಾದ ತೊಟ್ಟು ಯಾವುದೆಂದು ಗುರುತು ಹಾಕಿ, ಅದನ್ನು ಕೊನೆಗೆ ಕರೆದು, ಆ ಹಾಲನ್ನು ಡೈರಿಗೆ ಸೇರಿಸದೆ, ಅದೇ ದಿನ ಪಶುವೈದ್ಯರಿಗೆ ತೋರಿಸತಕ್ಕದ್ದು.